ಸಮುದ್ರ ದಾಟುವ ಮುನ್ನ ಸೋಮನಾಥಪುರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ನಿವೃತ್ತಿಯಾಗಿದೆ, ಮಕ್ಕಳ ಮದುವೆ ಮುಗಿದಿದೆ, ಕೈಯಲ್ಲಿ ಸ್ವಲ್ಪ ಹಣವಿದೆ, ಮೈಯಲ್ಲಿ ಇನ್ನೂ ಕಸುವಿದೆ. ಗೈಡ್ ಜೊತೆಗಿರುವ ಪ್ರವಾಸವೊಂದರಲ್ಲಿ ದೂರದ ದೇಶಗಳ ದೇವಾಲಯ, ವಸ್ತುಸಂಗ್ರಹಾಲಯ, ಹಳೆಯ ಊರುಗಳನ್ನು ನೋಡಬೇಕೆಂಬ ಆಸೆಯಿದೆ, ಆದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ ಎಂಬುದು ಆ ಪತ್ರಗಳ ಸಾರ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಆರು ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ನಾನೂ ಇತಿಹಾಸದ ಪಾಠ ಹೇಳಿ ನಿವೃತ್ತನಾದವನು. ಹೆಂಡತಿಯೊಡನೆ ನಾಲ್ಕು ಬಾರಿ ಇಂಥ ಪ್ರವಾಸಕ್ಕೆ ಹೋಗಿ ಬಂದಿದ್ದೇನೆ. ಅವುಗಳಲ್ಲಿ ಎರಡು ಚೆನ್ನಾಗಿದ್ದವು.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ನನಗೆ 64 ವರ್ಷ, ಪತ್ನಿಗೆ 61. ನಮ್ಮ ಮುಂದೆ ಎರಡು ಕರಪತ್ರಗಳಿವೆ. ಒಂದರಲ್ಲಿ 14 ದಿನಗಳಲ್ಲಿ ಯೂರೋಪಿನ ಒಂಬತ್ತು ದೇಶಗಳು, ಇನ್ನೊಂದರಲ್ಲಿ 10 ದಿನ ಈಜಿಪ್ಟ್ ಒಂದೇ. ದಿನದ ಲೆಕ್ಕಕ್ಕೆ ಖರ್ಚು ಹೆಚ್ಚುಕಡಿಮೆ ಸಮವಾಗಿದೆ. ಬೆಳಗಿನ ವಾಕಿಂಗ್ ಗೆಳೆಯರು ‘ಅಷ್ಟು ದುಡ್ಡು ಸುರಿದು ಒಂದೇ ದೇಶ ನೋಡುತ್ತೀರಾ?’ ಎಂದು ಕೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದೇಶಗಳನ್ನು ಎಣಿಸುವುದನ್ನು ಬಿಟ್ಟು ಗಂಟೆಗಳನ್ನು ಎಣಿಸಿ ನೋಡಿ. ಒಂದು ಪೆನ್ಸಿಲ್ ಹಿಡಿದು ಕರಪತ್ರದ ಪ್ರತಿ ದಿನದ ವಿವರವನ್ನು ಓದಿ, ಒಂದು ಜಾಗದ ಒಳಗೆ ಹೋಗಿ ನಿಂತು ನೋಡಲು ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಅಂಚಿನಲ್ಲಿ ಬರೆಯುತ್ತಾ ಹೋಗಿ. ಈ ಕರಪತ್ರಗಳಿಗೆ ತಮ್ಮದೇ ಒಂದು ಭಾಷೆಯಿದೆ. ‘ಫೋಟೋ ಸ್ಟಾಪ್’ ಎಂದಿದ್ದರೆ ಬಸ್ಸು ನಿಲ್ಲುತ್ತದೆ, ನೀವು ಇಳಿದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಮತ್ತೆ ಹತ್ತುತ್ತೀರಿ ಎಂದರ್ಥ. ‘ಪನೋರಮಿಕ್ ಟೂರ್’ ಎಂದಿದ್ದರೆ ಇಳಿಯುವುದೂ ಇಲ್ಲ, ಕಿಟಕಿಯಿಂದಲೇ ದರ್ಶನ. ‘ಪ್ರವೇಶ ಟಿಕೆಟ್ ಸೇರಿದೆ’ ಎಂದು ಸ್ಪಷ್ಟವಾಗಿ ಬರೆದಿರುವ ಕಡೆ ಮಾತ್ರ ನಿಮಗೆ ಒಳಗೆ ಕಾಲಿಡುವ ಭಾಗ್ಯ. ‘ಆಪ್ಷನಲ್’ ಎಂದಿರುವುದಕ್ಕೆ ಅಲ್ಲಿಗೆ ಹೋದ ಮೇಲೆ ಬೇರೆ ಹಣ ತೆರಬೇಕು.

ಈ ಭಾಷೆಯನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಅಶೋಕ ರಸ್ತೆಯ ಕಡೆ ಬೆಳೆದ ನನಗೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ಹುಡುಗತನದಿಂದಲೂ ಕಣ್ಣಿಗೆ ಅಂಟಿಕೊಂಡಿದ್ದವು. 1933ರಲ್ಲಿ ಅಡಿಗಲ್ಲು ಹಾಕಿದ ಆ ಕಟ್ಟಡಕ್ಕೆ ಜರ್ಮನಿಯ ಕಲೋನ್ ಕ್ಯಾಥೆಡ್ರಲ್ ಪ್ರೇರಣೆ ಎಂದು ಓದಿದಂದಿನಿಂದ ಮೂಲವನ್ನು ನೋಡಬೇಕೆಂಬ ಹಂಬಲವಿತ್ತು. ನಮ್ಮ ಮೊದಲ ಪ್ರವಾಸದ ಪಟ್ಟಿಯಲ್ಲಿ ಕಲೋನ್ ಇದ್ದುದರಿಂದಲೇ ನಾನು ಆ ಕಂಪನಿಗೆ ಹಣ ಕಟ್ಟಿದ್ದು. 1248ರಲ್ಲಿ ಆರಂಭವಾಗಿ, ನಡುವೆ ಶತಮಾನಗಳ ಕಾಲ ಕೆಲಸ ನಿಂತು, 1880ರಲ್ಲಿ ಮುಗಿದ, 157 ಮೀಟರ್ ಎತ್ತರದ ಆ ಗೋಪುರಗಳ ಕೆಳಗೆ ಬಸ್ಸು ನಮ್ಮನ್ನು ಇಳಿಸಿದಾಗ ದೊರೆತದ್ದು ಇಪ್ಪತ್ತೈದು ನಿಮಿಷ. ಗುಂಪಿನಲ್ಲಿದ್ದವರೆಲ್ಲ ನಮ್ಮ ವಯಸ್ಸಿನವರೇ ಆದ್ದರಿಂದ ಮೊದಲ ಹನ್ನೆರಡು ನಿಮಿಷ ಶೌಚಾಲಯದ ಸಾಲಿನಲ್ಲಿ ಕಳೆಯಿತು. ಉಳಿದ ಹೊತ್ತಿನಲ್ಲಿ ಕತ್ತೆತ್ತಿ ಕಲ್ಲು ನೋಡುತ್ತಿದ್ದ ಹಾಗೆಯೇ ದೂರದಲ್ಲಿ ನಮ್ಮನ್ನು ಬಸ್ಸಿಗೆ ವಾಪಸು ಕರೆಯುವ ಕೇಸರಿ ಬಣ್ಣದ ಬಾವುಟ ಮೇಲೆದ್ದಿತು. ಒಳಗಿನ ಬಣ್ಣದ ಗಾಜನ್ನು ನಾನು ಇವತ್ತಿಗೂ ನೋಡಿಲ್ಲ. ಊರಿಗೆ ಬಂದು ಕರಪತ್ರವನ್ನು ತೆಗೆದು ನೋಡಿದರೆ ‘ಫೋಟೋ ಸ್ಟಾಪ್’ ಎಂದು ಅಚ್ಚುಕಟ್ಟಾಗಿಯೇ ಅಚ್ಚಾಗಿತ್ತು. ಮೋಸ ಮಾಡಿದರು ಎಂದು ಹೇಳುವುದಕ್ಕೂ ಬಾಯಿಲ್ಲ.

ಎರಡನೆಯದಾಗಿ, ಟೂರ್ ಮ್ಯಾನೇಜರ್ ಬೇರೆ, ಗೈಡ್ ಬೇರೆ ಎಂಬುದನ್ನು ತಿಳಿದಿರಬೇಕು. ವಿಮಾನ ನಿಲ್ದಾಣದಿಂದ ನಿಮ್ಮೊಡನೆ ಬರುವ ಟೂರ್ ಮ್ಯಾನೇಜರ್ ತಲೆ ಎಣಿಸುತ್ತಾರೆ, ಕೊಠಡಿ ಹಂಚುತ್ತಾರೆ, ಕಳೆದ ಸೂಟ್‌ಕೇಸಿನ ಹಿಂದೆ ಓಡಾಡುತ್ತಾರೆ. ಅವರಿಲ್ಲದಿದ್ದರೆ ನಾವು ಅರ್ಧ ದಾರಿಯಲ್ಲೇ ಕಂಗಾಲಾಗುತ್ತೇವೆ. ಆದರೆ ಒಂದು ಗುಡಿಯ ಗೋಡೆಯ ಮುಂದೆ ನಿಂತು ಅದರಲ್ಲಿ ಏನಿದೆಯೆಂದು ಬಿಡಿಸಿ ಹೇಳುವುದು ಅವರ ಕೆಲಸವಲ್ಲ. ಈಜಿಪ್ಟ್, ಇಟಲಿಗಳಂಥ ದೇಶಗಳಲ್ಲಿ ಅದಕ್ಕೆ ಪರವಾನಗಿ ಪಡೆದ ಸ್ಥಳೀಯ ಗೈಡ್ ಇರುತ್ತಾರೆ. ಯಾವ ಯಾವ ಜಾಗದಲ್ಲಿ ಅಂಥ ಗೈಡ್ ಕೊಡುತ್ತೀರಿ, ಒಬ್ಬ ಗೈಡ್‌ಗೆ ಎಷ್ಟು ಜನ, ಕಿವಿಗೆ ಹಾಕಿಕೊಳ್ಳುವ ಆಡಿಯೋ ಸೆಟ್ ಕೊಡುತ್ತೀರಾ ಎಂಬ ಮೂರು ಪ್ರಶ್ನೆಗಳನ್ನು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಲವತ್ತು ಜನರ ಗುಂಪಿನಲ್ಲಿ ಆಡಿಯೋ ಸೆಟ್ ಇಲ್ಲದಿದ್ದರೆ ಮುಂದಿನ ಎಂಟು ಜನರಿಗೆ ಮಾತ್ರ ಮಾತು ಕೇಳಿಸುತ್ತದೆ. ಉಳಿದವರು ಮುಂದಿನವರ ಬೆನ್ನು ನೋಡುತ್ತಾ ನಿಲ್ಲಬೇಕು. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಂತೂ ಗೈಡ್ ಬಾಯಿ ತೆರೆಯುವಂತೆಯೇ ಇಲ್ಲ. ಮೈಕೆಲೇಂಜೆಲೊ 1508ರಿಂದ 1512ರವರೆಗೆ ಬರೆದ ಆ ಮೇಲ್ಛಾವಣಿಯ ಚಿತ್ರಗಳನ್ನು ಹೊರಗಿನ ಅಂಗಳದಲ್ಲೇ ಫಲಕ ತೋರಿಸಿ ವಿವರಿಸಿ, ಆಮೇಲೆ ಒಳಗೆ ಬಿಡುತ್ತಾರೆ. ಅಂಗಳದಲ್ಲಿ ಕೇಳಿಸಿಕೊಳ್ಳದವನಿಗೆ ಒಳಗೆ ಕುತ್ತಿಗೆ ನೋವಷ್ಟೇ ಲಾಭ.

ಇನ್ನು ನಿಮ್ಮ ಎರಡು ಕರಪತ್ರಗಳ ವಿಚಾರ. ಒಂಬತ್ತು ದೇಶಗಳ ಪ್ರವಾಸವನ್ನು ನಾನು ಹಳಿಯುವುದಿಲ್ಲ. ಗೆಳೆಯರ ಗುಂಪಿನಲ್ಲಿ ಹಾಡುತ್ತಾ ಹರಟುತ್ತಾ ಆಲ್ಪ್ಸ್ ಪರ್ವತದ ಹಿಮ ನೋಡಿ ಬರಬೇಕೆಂಬುವವರಿಗೆ ಅದು ಒಳ್ಳೆಯದೇ. ಆದರೆ ಅದನ್ನು ಸಾಂಸ್ಕೃತಿಕ ಪ್ರವಾಸವೆಂದು ಕರೆಯಲು ನನಗೆ ಮನಸ್ಸು ಬಾರದು. ನೀವು ನನ್ನನ್ನು ಕೇಳಿದ್ದೀರಿ, ನನ್ನ ಉತ್ತರ ಈಜಿಪ್ಟ್. ಅದಕ್ಕೆ ಕಾರಣ ಪಿರಮಿಡ್‌ಗಳಲ್ಲ. ನಮ್ಮ ಕಡೆಯವರು ಅಲ್ಲಿ ನಿಂತು ನೋಡಲೇಬೇಕಾದ ಒಂದು ಜಾಗವಿದೆ.

ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಹಳೆಯ ಕನ್ನಂಬಾಡಿ ಊರೂ, ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ನೀರಿನಡಿ ಹೋದದ್ದು, ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಗುಡಿ ಕೆಸರಿನಿಂದ ತಲೆಯೆತ್ತುತ್ತಿದ್ದುದು, ಕೊನೆಗೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದು ನಮಗೆಲ್ಲ ಗೊತ್ತಿರುವ ಕಥೆ. ಇದೇ ಕಥೆ ನೈಲ್ ನದಿಯ ಮೇಲೂ ನಡೆದಿದೆ. ಆಸ್ವಾನ್‌ನ ದೊಡ್ಡ ಅಣೆಕಟ್ಟಿನ ಕೆಲಸ 1960ರಲ್ಲಿ ಆರಂಭವಾದಾಗ, ಮೂರು ಸಾವಿರ ವರ್ಷಗಳಿಗೂ ಹಿಂದೆ ಎರಡನೆಯ ರಾಮ್ಸೆಸ್ ದೊರೆ ಬಂಡೆಯಲ್ಲಿ ಕೊರೆಸಿದ ಅಬು ಸಿಂಬೆಲ್‌ನ ಗುಡಿಗಳು ಮುಳುಗಲಿದ್ದವು. ಯುನೆಸ್ಕೋ ಕರೆಗೆ ಹಲವು ದೇಶಗಳು ಕೈಜೋಡಿಸಿ, 1964ರಿಂದ 1968ರವರೆಗೆ ಇಡೀ ಗುಡಿಯನ್ನು ಗರಗಸದಿಂದ ತುಂಡು ತುಂಡಾಗಿ ಕೊಯ್ದು, 65 ಮೀಟರ್ ಮೇಲಕ್ಕೆ, ಸುಮಾರು 200 ಮೀಟರ್ ಹಿಂದಕ್ಕೆ ಸಾಗಿಸಿ ಕೂರಿಸಿದವು. ಇವತ್ತು ನೀವು ಗುಡ್ಡವೆಂದು ನೋಡುವುದು ಗುಡ್ಡವಲ್ಲ, ಕಾಂಕ್ರೀಟ್ ಗುಮ್ಮಟದ ಮೇಲೆ ಹೊದಿಸಿದ ಕಲ್ಲು ಮಣ್ಣು. ಅಲ್ಲಿ ಸುಮಾರು 20 ಮೀಟರ್ ಎತ್ತರದ ಕುಳಿತ ದೊರೆಯ ಮೊಣಕಾಲ ಬಳಿ ನಿಂತು ಗರಗಸ ಕೊಯ್ದ ಗೆರೆ ಎಲ್ಲಿದೆಯೆಂದು ಹುಡುಕುತ್ತಿದ್ದಾಗ ನನ್ನ ಹೆಂಡತಿ, ‘ನಮ್ಮ ವೇಣುಗೋಪಾಲನಿಗೆ ಇಷ್ಟು ಬೇಗ ಯಾರೂ ಬರಲಿಲ್ಲವಲ್ಲ’ ಎಂದಳು. ಆ ಮಾತನ್ನು ಹೇಳಲು ಈ ಭಾಗದವರೇ ಆಗಿರಬೇಕು.

ಆದ್ದರಿಂದ ನಿಮ್ಮ ಈಜಿಪ್ಟ್ ಕರಪತ್ರದಲ್ಲಿ ಅಬು ಸಿಂಬೆಲ್ ಸೇರಿದೆಯೇ ಅಥವಾ ಆಪ್ಷನಲ್ ಆಗಿದೆಯೇ ಎಂದು ನೋಡಿಕೊಳ್ಳಿ. ಆಸ್ವಾನ್‌ನಿಂದ ಅದು 280 ಕಿಲೋಮೀಟರಿನಷ್ಟು ದೂರ; ಬಸ್ಸು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹೊರಡುತ್ತದೆ, ತಿಂಡಿಯನ್ನು ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ. ಮರುದಿನಕ್ಕೆ ಹೆಚ್ಚಿನ ಕಾರ್ಯಕ್ರಮವಿಲ್ಲದ ಪ್ರವಾಸವಾದರೆ ಒಳ್ಳೆಯದು. ಗೀಜಾದ ಹೊಸ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರ್‌ನಲ್ಲಿ ವಿಧ್ಯುಕ್ತವಾಗಿ ತೆರೆದಿದೆ. 1922ರಲ್ಲಿ ಸಿಕ್ಕ ಟುಟಾಂಖಾಮನ್ ಸಮಾಧಿಯ ಐದು ಸಾವಿರಕ್ಕೂ ಹೆಚ್ಚಿನ ವಸ್ತುಗಳನ್ನು ಮೊದಲ ಬಾರಿಗೆ ಒಂದೇ ಕಡೆ ಇಟ್ಟಿದ್ದಾರೆ. ಅದಕ್ಕೆ ಎರಡು ಗಂಟೆ ಮಾತ್ರ ಕೊಟ್ಟಿರುವ ಪ್ರವಾಸವನ್ನು ಬಿಟ್ಟುಬಿಡಿ. ಪಿರಮಿಡ್ಡಿನ ಒಳಗೆ ಹೋಗುವ ದಾರಿಯಲ್ಲಿ ಬೆನ್ನು ಬಗ್ಗಿಸಿ ಏರಬೇಕಾದ ಇಕ್ಕಟ್ಟಾದ ಸುರಂಗವಿದೆ, ತುದಿಯಲ್ಲಿ ಖಾಲಿ ಕೋಣೆಯಿದೆ; ಹೊರಗೆ ನಿಂತವರು ಏನೂ ಕಳೆದುಕೊಳ್ಳುವುದಿಲ್ಲ. ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ಮಾರ್ಚ್ ಒಳಗೆ ಹೋಗಿ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಒಂದು ದಿನ ನೀವಿಬ್ಬರೂ ಸೋಮನಾಥಪುರಕ್ಕೆ ಹೋಗಿ. ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಲ್ಲ. ಗೈಡ್ ಒಬ್ಬರನ್ನು ಗೊತ್ತುಮಾಡಿಕೊಂಡು, ಎರಡು ಗಂಟೆ ನಿಂತೇ ನೋಡಿ. ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಒಂದು ಸುತ್ತು ಬಂದು, ಆನೆ, ಕುದುರೆ, ಬಳ್ಳಿ, ಪುರಾಣ ಕಥೆ ಹೀಗೆ ಒಂದರ ಮೇಲೊಂದು ಬರುವ ಪಟ್ಟಿಕೆಗಳನ್ನು ಓದಿಸಿಕೊಳ್ಳಿ. ಮಲ್ಲಿತಮ್ಮನಂಥ ಶಿಲ್ಪಿಗಳು ಮೂರ್ತಿಗಳ ಕೆಳಗೆ ಕೆತ್ತಿದ ತಮ್ಮ ಹೆಸರನ್ನು ನೀವೇ ಹುಡುಕಿ. ಕಾಲು ಮೊದಲು ಸೋಲುತ್ತದೆಯೋ ಆಸಕ್ತಿ ಮೊದಲು ಸೋಲುತ್ತದೆಯೋ ಗಮನಿಸಿ. ಒಂದು ಗಂಟೆ ಕಳೆಯುವಷ್ಟರಲ್ಲೇ ‘ಇನ್ನು ಊಟಕ್ಕೆ ಹೋಗೋಣ’ ಎನಿಸಿದರೆ ಒಂಬತ್ತು ದೇಶಗಳ ಬಸ್ಸೇ ನಿಮಗೆ ಸರಿ. ಇದರಲ್ಲಿ ಅವಮಾನವೇನೂ ಇಲ್ಲ. ಎರಡು ಗಂಟೆ ಮುಗಿದರೂ ಗೈಡನ್ನು ಬಿಡಲು ಮನಸ್ಸಾಗದಿದ್ದರೆ ಈಜಿಪ್ಟಿಗೆ ಹಣ ಕಟ್ಟಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ವಯಸ್ಸು 67. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಅಂಕೋರ್ ವಾಟ್ ನೋಡಬೇಕೆಂಬುದು ಬಹುಕಾಲದ ಆಸೆ. ‘ಅಮ್ಮ, ಆ ಮಂಡಿ ಇಟ್ಟುಕೊಂಡು ಕಾಂಬೋಡಿಯಕ್ಕೆ ಹೋಗುತ್ತೀಯಾ?’ ಎಂದು ಬೆಂಗಳೂರಿನ ಮಗ ರೇಗುತ್ತಾನೆ. ಒಬ್ಬಳೇ ಗುಂಪಿನೊಡನೆ ಹೋಗಬಹುದೇ?
— ಓದುಗರು, ವಿದ್ಯಾನಗರ, ಮಂಡ್ಯ

ಉತ್ತರ: ಮೇಡಂ, ಖಂಡಿತ ಹೋಗಬಹುದು. ಮಗನ ಪ್ರಶ್ನೆಗೆ ಉತ್ತರ ಮೇಲುಕೋಟೆಯಲ್ಲಿದೆ. ಬೆಳಗಿನ ತಂಪಿನಲ್ಲಿ, ನಿಮ್ಮ ಪಾಡಿಗೆ ನೀವು, ಕೂತು ಎದ್ದು ಯೋಗನರಸಿಂಹನ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತುವಾಗ ಎಷ್ಟು ನೋಯಿತು ಎಂಬುದು ಮುಖ್ಯವಲ್ಲ, ಎಲ್ಲರಿಗೂ ನೋಯುತ್ತದೆ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಂಡಿ ಏನು ಹೇಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಪ್ರವಾಸದಲ್ಲಿ ಒಂದು ದಿನ ನಡೆದರೆ ಮುಗಿಯುವುದಿಲ್ಲ, ಮರುದಿನವೂ ನಡೆಯಬೇಕು. ಆ ಟಿಪ್ಪಣಿಯೊಡನೆ ನಿಮ್ಮ ಮೂಳೆ ವೈದ್ಯರನ್ನು ನೋಡಿ. ನೋವಿಗೆ ಟ್ರಮಡಾಲ್ ಇರುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಹೇಳಿ ಬದಲಿ ಕೇಳಿ. ಅನೇಕ ದೇಶಗಳಲ್ಲಿ ಅದು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ಔಷಧ. ದುಬೈ ಇರುವ ಯುಎಇಗೆ ಒಯ್ಯಲು ಮುಂಚಿತ ಅನುಮತಿ ಬೇಕು, ಈಜಿಪ್ಟಿನಲ್ಲಿ ಇದೇ ಮಾತ್ರೆ ಒಯ್ದ ಬ್ರಿಟನ್ನಿನ ಮಹಿಳೆಯೊಬ್ಬರಿಗೆ 2017ರಲ್ಲಿ ಜೈಲು ಶಿಕ್ಷೆಯಾಗಿದೆ. ಉಳಿದ ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ತುಂಬಿಕೊಳ್ಳದೆ ಸ್ಟ್ರಿಪ್‌ನಲ್ಲೇ, ಔಷಧ ಚೀಟಿಯೊಡನೆ, ಕೈಚೀಲದಲ್ಲಿ ಇಟ್ಟುಕೊಳ್ಳಿ.

ಅಂಕೋರ್ ವಾಟ್ ನೀವು ಹೆದರುವಷ್ಟು ಹತ್ತಿಳಿಯುವ ಜಾಗವಲ್ಲ, ಹೆಚ್ಚಾಗಿ ನಡೆಯುವ ಜಾಗ. ಅಲ್ಲಿ ನೋಡಬೇಕಾದದ್ದರಲ್ಲಿ ಬಹುಪಾಲು ಕೆಳಗಿನ ಮೊಗಸಾಲೆಯಲ್ಲೇ ಇದೆ. ಪೂರ್ವದ ಮೊಗಸಾಲೆಯ ದಕ್ಷಿಣ ಭಾಗದಲ್ಲಿ 49 ಮೀಟರಿನಷ್ಟು ಉದ್ದಕ್ಕೂ ಸಮುದ್ರಮಥನವನ್ನು ಕೆತ್ತಿದ್ದಾರೆ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು. ಮಕ್ಕಳಿಗೆ ಆ ಕಥೆಯನ್ನು ವರ್ಷಗಟ್ಟಲೆ ಹೇಳಿದ ನೀವು ವಾಸುಕಿಯ ಬಾಲದಿಂದ ತಲೆಯವರೆಗೆ ನಿಧಾನವಾಗಿ ನಡೆದು ನೋಡುವಾಗ ಗೈಡ್‌ನ ಅಗತ್ಯವೂ ಬೀಳಲಾರದು. ಎರಡನೆಯ ಸೂರ್ಯವರ್ಮನ್ ಇದನ್ನು ಕಟ್ಟಿಸಿದ್ದು 12ನೆಯ ಶತಮಾನದ ಮೊದಲರ್ಧದಲ್ಲಿ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಎರಡೂ ವಿಷ್ಣುವಿನ ಗುಡಿಗಳೇ, ಹೆಚ್ಚುಕಡಿಮೆ ಒಂದೇ ಕಾಲದವು. ತುದಿಯ ಗೋಪುರಕ್ಕೆ ಹತ್ತುವ ಮೆಟ್ಟಿಲು ಮಾತ್ರ ಗೋಡೆಯಂತೆ ಕಡಿದಾಗಿದೆ. ಮರದ ಮೆಟ್ಟಿಲು, ಹಿಡಿಕೆ ಇದ್ದರೂ ಇಳಿಯುವುದು ಕಷ್ಟ. ಅದನ್ನು ಬಿಟ್ಟುಬಿಡಿ, ಕೆಳಗೆ ನೆರಳಿನಲ್ಲಿ ಕುಳಿತಿರಿ. ನಿಮ್ಮ ಗುಂಪು ಇಂಡೊನೇಷ್ಯದ ಜಾವಾದಲ್ಲಿರುವ ಬೌದ್ಧ ಸ್ತೂಪ ಬೊರೊಬುದುರನ್ನೂ ಸೇರಿಸಿಕೊಂಡಿದ್ದರೆ ಯೋಚಿಸಿ. ಅದನ್ನು ನೋಡುವುದೆಂದರೆ ಹತ್ತುವುದೇ. ಮೇಲೇರುವವರ ಸಂಖ್ಯೆಗೆ ದಿನದ ಮಿತಿಯಿದೆ, ಅವರೇ ಕೊಡುವ ಚಪ್ಪಲಿ ಹಾಕಿಕೊಂಡು ಗೈಡ್ ಜೊತೆಯಲ್ಲೇ ಏರಬೇಕು.

ಒಬ್ಬರೇ ಹೋಗುವವರಿಗೆ ನಿಜವಾದ ತೊಡಕು ಕೊಠಡಿಯದು. ಕರಪತ್ರದ ಬೆಲೆಗಳೆಲ್ಲ ‘ಟ್ವಿನ್ ಶೇರಿಂಗ್’, ಅಂದರೆ ಇಬ್ಬರು ಹಂಚಿಕೊಳ್ಳುವ ಲೆಕ್ಕ. ಒಂಟಿ ಕೊಠಡಿ ಬೇಕೆಂದರೆ ‘ಸಿಂಗಲ್ ಸಪ್ಲಿಮೆಂಟ್’ ಎಂದು ಮೇಲೆ ದುಡ್ಡು ಕೇಳುತ್ತಾರೆ. ಇನ್ನೊಬ್ಬ ಮಹಿಳೆಯೊಡನೆ ಹಂಚಿಕೊಳ್ಳುವ ಏರ್ಪಾಡನ್ನೂ ಮಾಡಿಕೊಡುತ್ತಾರೆ. ಆದರೆ ಮೊದಲೇ ಅವರ ಫೋನ್ ನಂಬರ್ ಪಡೆದು ಒಮ್ಮೆ ಮಾತನಾಡಿ. ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತೀರಿ, ಗೊರಕೆ ಹೊಡೆಯುತ್ತೀರಾ ಎಂದು ಕೇಳಲು ನಾಚಿಕೊಳ್ಳಬೇಡಿ. ಟಿಕೆಟ್ ಮಾಡಿಸುವಾಗಲೇ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಬೇಕೆಂದು ಬರೆಸಿ. ಗುಡಿಯಲ್ಲಿ ನಡೆಯುವುದಕ್ಕೆ ಮಂಡಿಯನ್ನು ಉಳಿಸಿಕೊಳ್ಳಬೇಕು, ನಿಲ್ದಾಣದ ಉದ್ದನೆಯ ಹಜಾರದಲ್ಲಿ ಸವೆಸಬೇಕಾಗಿಲ್ಲ. ಪ್ರವಾಸ ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ, ಮಂಡಿ ಎಲ್ಲವನ್ನೂ ಮುಚ್ಚಿಡದೆ ನಮೂದಿಸಿ, ಈಗಾಗಲೇ ಇರುವ ಕಾಯಿಲೆ ಉಲ್ಬಣಿಸಿದರೆ ಎಷ್ಟರ ಮಟ್ಟಿಗೆ ಕೊಡುತ್ತಾರೆ ಎಂಬ ಸಾಲನ್ನು ಪಾಲಿಸಿಯಲ್ಲಿ ಹುಡುಕಿ ಓದಿ. ಆ ಪಾಲಿಸಿಯ ಪ್ರತಿ, ಪ್ರತಿ ರಾತ್ರಿಯ ಹೋಟೆಲ್‌ನ ಹೆಸರು, ಟೂರ್ ಮ್ಯಾನೇಜರ್ ನಂಬರ್ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮಗನ ಕೈಗೆ ಕೊಟ್ಟರೆ ಅವರ ರೇಗಾಟ ಅರ್ಧ ಇಳಿಯುತ್ತದೆ. ಪೂರ್ತಿ ಇಳಿಯಬೇಕೆಂದು ನಿರೀಕ್ಷಿಸಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ. ಅಡುಗೆಯವರನ್ನು ಜೊತೆಗೇ ಕರೆದೊಯ್ಯುವ ಪ್ರವಾಸವನ್ನೇ ಆರಿಸಬೇಕೇ? ಇಲ್ಲಿಂದ ಏನೇನು ಕಟ್ಟಿಕೊಂಡು ಹೋಗಬಹುದು?
— ಓದುಗರು, ಅಗ್ರಹಾರ, ಮೈಸೂರು

ಉತ್ತರ: ನಿಮ್ಮ ನಿಯಮ ಕಟ್ಟುನಿಟ್ಟಾಗಿದ್ದರೆ ಅಡುಗೆಯವರಿರುವ ಗುಂಪೇ ನೆಮ್ಮದಿ. ಆದರೆ ಅದಕ್ಕೆ ಹಣವಲ್ಲದ ಬೇರೆ ಬೆಲೆಯೂ ಇದೆ: ಊಟ ಎಲ್ಲಿ ಸಿದ್ಧವಾಗಿದೆಯೋ ಅಲ್ಲಿಗೆ ದಿನವೆಲ್ಲ ತಿರುಗಬೇಕು. ನೋಡುತ್ತಿದ್ದ ವಸ್ತುಸಂಗ್ರಹಾಲಯವನ್ನು ಅರ್ಧಕ್ಕೆ ಬಿಟ್ಟು, ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕುಳಿತು ಹೋಗಿ ಅನ್ನ ಸಾರು ಉಂಡ ಅನುಭವ ನನ್ನದು. ಸಾರು ಚೆನ್ನಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಈರುಳ್ಳಿಗೆ ಅಡ್ಡಿಯಿಲ್ಲದ ಸಸ್ಯಾಹಾರಿಗಳಿಗೆ ಈಜಿಪ್ಟ್ ಸುಲಭ. ಅಕ್ಕಿ, ಬೇಳೆ, ಕಡಲೆ, ಮ್ಯಾಕರೋನಿ ಬೆರೆಸಿದ ಕೊಶಾರಿ, ಅವರೆಯನ್ನು ಹೋಲುವ ದೊಡ್ಡ ಕಾಳನ್ನು ಬೇಯಿಸಿದ ಫುಲ್ ಎಲ್ಲ ಬೀದಿಗಳಲ್ಲೂ ಸಿಗುತ್ತವೆ. ಜಪಾನ್, ವಿಯೆಟ್ನಾಂ, ಕಾಂಬೋಡಿಯಗಳಲ್ಲಿ ತರಕಾರಿ ಎಂದು ಬಡಿಸಿದ ಸಾರಿನಲ್ಲೂ ಮೀನಿನ ರಸ ಇರಬಹುದಾದ್ದರಿಂದ ‘ಮೀನಿನ ಸಾಸ್ ಬೇಡ’ ಎಂದು ಸ್ಥಳೀಯ ಭಾಷೆಯಲ್ಲಿ ಬರೆಸಿದ ಚೀಟಿಯೊಂದನ್ನು ಇಟ್ಟುಕೊಳ್ಳಿ.

ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಧಾರಾಳವಾಗಿ ಕಟ್ಟಿಕೊಳ್ಳಿ. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಗಳನ್ನು ಬಿಗಿಯಾಗಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಕೈಚೀಲದಲ್ಲಿದ್ದರೆ ತಡೆಯಬಹುದು. ಕೊಬ್ಬರಿ ಗಿಟುಕು ಮಾತ್ರ ಬೇಡ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕೆಂದು ವಿಮಾನ ನಿಯಮಗಳು ಅದನ್ನು ಪರಿಗಣಿಸುತ್ತವೆ. ಗಸಗಸೆ ಇನ್ನೂ ಅಪಾಯ. ಪಾಯಸಕ್ಕೆ ಬಳಸುವ ಗಸಗಸೆ ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇ ಮತ್ತು ಸಿಂಗಪುರದಲ್ಲಿ ಅದು ನಿಷಿದ್ಧ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ತುಪ್ಪ, ಹಾಲಿನ ಪುಡಿ ಒಯ್ಯುವಂತಿಲ್ಲ.

ಪ್ರಶ್ನೆ: ನಾನು ರಾಜ್ಯ ಸರ್ಕಾರದ ಪಿಂಚಣಿದಾರ. ನವೆಂಬರ್‌ನಲ್ಲಿ ಈಜಿಪ್ಟ್, ದುಬೈ ಸೇರಿದ ಪ್ರವಾಸಕ್ಕೆ ಹೊರಟಿದ್ದೇವೆ. ಏಜೆಂಟರು ಟಿಸಿಎಸ್ ಎಂದು ಹೆಚ್ಚಿನ ಹಣ ಕೇಳುತ್ತಿದ್ದಾರೆ, ನನ್ನ ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಇಲ್ಲವೆಂದು ತಕರಾರನ್ನೂ ಎತ್ತಿದ್ದಾರೆ. ಇವೆಲ್ಲ ನಿಜವೇ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ಎರಡೂ ನಿಜ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಸಂಗ್ರಹಿಸಿ ನಿಮ್ಮ ಪಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟಬೇಕು. 2023ರ ಅಕ್ಟೋಬರ್‌ನಿಂದ 7 ಲಕ್ಷ ರೂಪಾಯಿವರೆಗೆ ಶೇಕಡ 5, ಅದರ ಮೇಲಿನದಕ್ಕೆ ಶೇಕಡ 20 ಎಂದಿತ್ತು. 2025ರ ಏಪ್ರಿಲ್‌ನಲ್ಲಿ ಆ ಮಿತಿಯನ್ನು 10 ಲಕ್ಷಕ್ಕೆ ಏರಿಸಿದರು. ಬಜೆಟ್ಟಿನಿಂದ ಬಜೆಟ್ಟಿಗೆ ಇದು ಬದಲಾಗುತ್ತಿರುವುದರಿಂದ ನೀವು ಹಣ ಕಟ್ಟುವ ದಿನದ ದರವನ್ನು ನಿಮ್ಮ ತೆರಿಗೆ ಸಲಹೆಗಾರರಿಂದ ತಿಳಿದುಕೊಳ್ಳಿ. ಈ ಹಣ ಕಳೆದುಹೋಗುವುದಿಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸು ಬರುತ್ತದೆ. ರಿಟರ್ನ್ ಸಲ್ಲಿಸದೆ ಕುಳಿತರೆ ಮಾತ್ರ ಹೋದ ಹಾಗೆಯೇ. ಗಂಡ ಹೆಂಡತಿ ಬೇರೆ ಬೇರೆ ಹೆಸರಿನಲ್ಲಿ, ತಮ್ಮ ತಮ್ಮ ಪಾನ್ ಕೊಟ್ಟು ಬುಕ್ ಮಾಡುವುದು ಲೆಕ್ಕಕ್ಕೆ ಅನುಕೂಲ.

ಹೆಸರಿನ ತೊಡಕು ನಮ್ಮ ಹಳೆ ಮೈಸೂರಿನವರಿಗೆ ವಿಶೇಷವಾಗಿ ಅಂಟಿದ್ದು. ಊರಿನ, ತಂದೆಯ ಇನಿಷಿಯಲ್‌ಗಳನ್ನು ಹಿಂದೆ ಮುಂದೆ ಇಟ್ಟುಕೊಂಡ ನಮಗೆ ಮನೆತನದ ಹೆಸರು ಎಂಬುದೇ ಇರುವುದಿಲ್ಲ. ಆ ಕಾಲಮ್ಮನ್ನು ಖಾಲಿ ಬಿಟ್ಟಿರುತ್ತೇವೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಆದ್ದರಿಂದ ಇನಿಷಿಯಲ್ ಬಿಡಿಸಿ ಬರೆದು ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ. ಆಧಾರ್, ಪಾನ್ ಎರಡರಲ್ಲೂ ಅದೇ ರೂಪ ಇರುವಂತೆ ಮೊದಲು ಸರಿಪಡಿಸಿಕೊಳ್ಳಿ. ದೇಶದಲ್ಲೇ ಮೊದಲು, 2017ರ ಜನವರಿಯಲ್ಲಿ, ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಈ ಕೆಲಸಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ.

ನೀವು ಕೇಳದಿದ್ದರೂ ಒಂದು ಮಾತು. ನವೆಂಬರ್ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸುವ ತಿಂಗಳು. ಅದನ್ನು 1ನೇ ತಾರೀಖಿನಂದೇ ಬ್ಯಾಂಕಿನಲ್ಲಿಯೋ, ಫೋನಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮೂಲಕವೋ ಮುಗಿಸಿ ವಿಮಾನ ಹತ್ತಿ. ನೈಲ್ ನದಿಯ ಮೇಲೆ ಹಾಯಾಗಿದ್ದವರು ಇಲ್ಲಿ ಕಾಗದದಲ್ಲಿ ತೀರಿಕೊಂಡಿರಬಾರದು.

ಪ್ರಶ್ನೆ: ನನಗೆ 72. ಕೀನ್ಯಾಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಕಡ್ಡಾಯವೇ?
— ಓದುಗರು, ಮದ್ದೂರು

ಉತ್ತರ: ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ ಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆದರೆ ಅರವತ್ತು ದಾಟಿದವರು ಮೊದಲ ಬಾರಿಗೆ ಈ ಲಸಿಕೆ ಪಡೆದಾಗ ತೀವ್ರ ಅಡ್ಡಪರಿಣಾಮಗಳ ಅಪಾಯ ಹೆಚ್ಚು. ಪ್ರವಾಸಕ್ಕೆ ಹಣ ಕಟ್ಟುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಅವರು ಬೇಡವೆಂದರೆ ಬೇರೆ ದೇಶ ಆರಿಸಿ.

ಪ್ರಶ್ನೆ: ನಾವು ವ್ಯವಸಾಯದವರು. ಮಕ್ಕಳು ಹಣ ಹೊಂದಿಸಿ ನಮ್ಮಿಬ್ಬರನ್ನು ಈಜಿಪ್ಟಿಗೆ ಕಳಿಸುತ್ತೇವೆ ಎನ್ನುತ್ತಾರೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮ ಮನೆಯವರಿಗೆ ಬರುವುದೇ ಇಲ್ಲ. ಗೈಡ್ ಹೇಳುವುದು ಅರ್ಥವಾಗದೆ ಸುಮ್ಮನೆ ತಿರುಗಿ ಬಂದ ಹಾಗಾಗುವುದಿಲ್ಲವೇ?
— ಓದುಗರು, ಪಾಂಡವಪುರ

ಉತ್ತರ: ಕನ್ನಡ ಬಲ್ಲ ಟೂರ್ ಮ್ಯಾನೇಜರ್ ಇರುವ ಗುಂಪುಗಳು ಬೆಂಗಳೂರು, ಮೈಸೂರುಗಳಿಂದ ಹೊರಡುತ್ತವೆ, ಅಂಥದ್ದನ್ನೇ ವಿಚಾರಿಸಿ, ಗೈಡ್ ಹೇಳಿದ್ದನ್ನು ಅಲ್ಲಲ್ಲೇ ಕನ್ನಡದಲ್ಲಿ ಹೇಳುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಗೈಡ್‌ಗಳ ಇಂಗ್ಲಿಷ್ ಉಚ್ಚಾರ ಇಂಗ್ಲಿಷ್ ಪಾಠ ಹೇಳಿದವರಿಗೂ ಮೊದಲ ದಿನ ಹಿಡಿಯುವುದಿಲ್ಲ, ಇದು ನನ್ನ ಅನುಭವ.

ಲಕ್ಸರ್‌ನ ಕಾರ್ನಾಕ್ ಗುಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. 134 ಕಂಬಗಳ ಮಹಾಮಂಟಪಕ್ಕೆ ಹೋಗುವ ಅವಸರದಲ್ಲಿ ನಾವೆಲ್ಲ ಮೊದಲ ಮಹಾದ್ವಾರವನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆವು. ನಿಮ್ಮ ತಾಲ್ಲೂಕಿನವರೇ ಆದ ಒಬ್ಬ ತಾಯಿ, ಇಂಗ್ಲಿಷಿನ ಒಂದಕ್ಷರವೂ ಬಾರದವರು, ಆ ದ್ವಾರದ ಗೋಡೆಯ ಹಿಂಬದಿಗೆ ಆತುಕೊಂಡಿದ್ದ ಒಂದು ಮಣ್ಣಿನ ದಿಬ್ಬದ ಮುಂದೆ ನಿಂತುಬಿಟ್ಟರು. ಬಗ್ಗಿ ನೋಡಿದರು, ಮಣ್ಣಲ್ಲ, ಹಸಿ ಇಟ್ಟಿಗೆ. ಗೈಡ್ ಕಡೆಗೆ ತಿರುಗಿ, ಎರಡು ಕೈಗಳಿಂದ ಕಲ್ಲು ದೂಡಿಕೊಂಡು ಏರಿಯ ಮೇಲೆ ಹತ್ತಿಸುವಂತೆ ಅಭಿನಯಿಸಿ, ‘ಇದರ ಮೇಲೇ ಅಲ್ಲವೇನಪ್ಪ ಕಲ್ಲು ಎಳೆದದ್ದು?’ ಎಂದು ಕನ್ನಡದಲ್ಲೇ ಕೇಳಿದರು. ಗೈಡ್ ಒಂದು ಕ್ಷಣ ನೋಡಿ, ಮುಂದೆ ಹೋಗಿದ್ದ ನಮ್ಮೆಲ್ಲರನ್ನೂ ಚಪ್ಪಾಳೆ ತಟ್ಟಿ ಹಿಂದಕ್ಕೆ ಕರೆದರು. ಆ ದ್ವಾರ ಕೊನೆಯವರೆಗೂ ಪೂರ್ತಿಯಾಗಲಿಲ್ಲವಂತೆ. ಕಲ್ಲು ಏರಿಸಲು ಕಟ್ಟಿದ ಇಟ್ಟಿಗೆಯ ಏರಿಯನ್ನು ತೆಗೆಯುವ ಮೊದಲೇ ಕೆಲಸ ನಿಂತುಹೋದದ್ದರಿಂದ ಅದು ಹಾಗೆಯೇ ಉಳಿದಿದೆಯಂತೆ. ಆಮೇಲೆ ಆ ತಾಯಿ ಎಲ್ಲಿ ನಿಂತರೆ ಅಲ್ಲಿ ಗೈಡ್ ತಾವೂ ನಿಲ್ಲತೊಡಗಿದರು, ನಮ್ಮ ಊಟಕ್ಕೆ ಒಂದು ಗಂಟೆ ತಡವಾಯಿತು.